ಬಿಲ್ಡ್ ಮೇಷ್ಟ್ರ ನೋಟ್‌ಬುಕ್ಕು

ಮಳವಳ್ಳಿಯಲ್ಲಿರುವ ನಮ್ಮಣ್ಣನ ಮಗ ಕಳೆದ ತಿಂಗಳು ವಾಟ್ಸ್‌ಆ್ಯಪ್‌ನಲ್ಲಿ ಎರಡು ಸ್ಕ್ರೀನ್‌ಶಾಟ್ ಕಳಿಸಿದ. ಒಂದೇ ಪ್ರಾಜೆಕ್ಟು, ಒಂದೇ ಕೋಡು. ಅವನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡಿದರೆ ಒಂದು ಫಲಿತಾಂಶ, ಕಂಪನಿಯ ಸರ್ವರ್‌ನಲ್ಲಿ ಮಾಡಿದರೆ ಇನ್ನೊಂದು. ಕೆಳಗೆ ಬರೆದಿದ್ದ: "ಅತ್ತೆ, ಇದು ನಿಮ್ಮ ಕಾಲದ್ದು. ಒಂಚೂರು ನೋಡಿ."

ಅವನು ಕೊರೊನಾ ಕಾಲದಲ್ಲಿ ಬೆಂಗಳೂರಿನ ರೂಮು ಖಾಲಿ ಮಾಡಿಕೊಂಡು ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಮನೆಯ ಮಹಡಿಯಲ್ಲೇ ಕೂತು ಕೆಲಸ ಮಾಡುತ್ತಾನೆ. ಅವನ ಕಂಪನಿಯ ಕೈಗೆ ಯಾವುದೋ ಹಳೆಯ ಸಾಫ್ಟ್‌ವೇರ್ ಬಂದಿದೆ. ಬರೆದವರು ಯಾರೂ ಈಗ ಅಲ್ಲಿಲ್ಲ. ನಾನು ಸ್ಕ್ರೀನ್‌ಶಾಟನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದೆ. ನಡುವೆ ‘ಸಬ್‌ಆ್ಯಂಟ್’ ಎಂಬ ಪದ ಕಂಡಿತು. ಕಂಡದ್ದೇ ತಡ, ಇಪ್ಪತ್ತು ವರ್ಷದ ಹಿಂದಿನ ಮದ್ದೂರು ಸ್ಟೇಷನ್ನು, ಅಲ್ಲಿ ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದ ಒಬ್ಬ ಮನುಷ್ಯ, ಆ ನೋಟ್‌ಬುಕ್ಕಿನ ಗೆರೆ ಎಳೆದ ಪುಟಗಳು, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು.

ನಾವೆಲ್ಲ ಅವರನ್ನು ಬಿಲ್ಡ್ ಮೇಷ್ಟ್ರು ಎನ್ನುತ್ತಿದ್ದೆವು.

ನಾನು ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿ, 2005ರ ಹೊತ್ತಿಗೆ ಬೆಂಗಳೂರಿನ ಒಂದು ಕಂಪನಿಗೆ ಸೇರಿದ್ದೆ. ಮನೆ ಮದ್ದೂರು. ಹಾಸ್ಟೆಲ್ ಖರ್ಚು ಯಾಕೆ ಎಂದು ಅಪ್ಪ ಸೀಸನ್ ಟಿಕೆಟ್ ಮಾಡಿಸಿಕೊಟ್ಟರು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಕೆಂಗೇರಿಯಲ್ಲಿ ಇಳಿದರೆ ಕಂಪನಿ ಬಸ್ಸು ಕಾದಿರುತ್ತಿತ್ತು. ಆ ರೈಲಿನಲ್ಲಿ ಮಂಡ್ಯ, ಮದ್ದೂರಿನ ಒಂದು ಪೇಟೆಯೇ ಹೋಗುತ್ತಿತ್ತು: ವಿಧಾನಸೌಧದ ಗುಮಾಸ್ತರು, ಬ್ಯಾಂಕಿನವರು, ಗಾರ್ಮೆಂಟ್ಸ್ ಹುಡುಗಿಯರು, ಸೊಪ್ಪಿನ ಮೂಟೆಯವರು, ಮತ್ತು ಆಗಷ್ಟೇ ಕುತ್ತಿಗೆಗೆ ಟ್ಯಾಗ್ ಹಾಕಿಕೊಳ್ಳಲು ಕಲಿತಿದ್ದ ನಮ್ಮಂಥವರು. ಆಗ ನಮ್ಮ ಕಡೆ ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ರೈಲು ಎಲ್ಲೆಂದರಲ್ಲಿ ನಿಂತುಬಿಡುತ್ತಿತ್ತು. ಈಗ ಜೋಡಿ ಹಳಿ ಆಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯಂತೂ ಮಂಡ್ಯವನ್ನು ಪಕ್ಕಕ್ಕೆ ಬಿಟ್ಟು ಓಡುತ್ತದೆ. ಒಂಟಿ ಹಳಿಯ ಕಾಲದಲ್ಲಿ ಗಾಡಿ ನಿಂತಷ್ಟು ಹೊತ್ತೂ ನನಗೆ ಪಾಠವಾಗುತ್ತಿತ್ತು.

ಮೇಷ್ಟ್ರು ಬರುತ್ತಿದ್ದದ್ದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಿಂದ. ಮಳವಳ್ಳಿಗೆ ಅಂದೂ ರೈಲಿಲ್ಲ, ಇಂದೂ ಇಲ್ಲ. ಮೊದಲ ಬಸ್ಸು ಹಿಡಿದು ಕೆ.ಎಂ. ದೊಡ್ಡಿ ಮೇಲೆ ಮದ್ದೂರಿಗೆ ಬಂದು ನಮ್ಮ ಗಾಡಿಗೇ ಹತ್ತುತ್ತಿದ್ದರು. ವಯಸ್ಸು ನಲವತ್ತು ದಾಟಿತ್ತು. ಪಾಲಿಟೆಕ್ನಿಕ್ ಒಂದರಲ್ಲಿ ವರ್ಷಗಟ್ಟಲೆ ಪಾಠ ಹೇಳಿ, ಕೆಲಸ ಕಾಯಂ ಆಗದೆ ಸೋತು, ಸಂಜೆ ಕೋರ್ಸು ಮಾಡಿಕೊಂಡು ಸಾಫ್ಟ್‌ವೇರಿಗೆ ಬಂದವರು. ಕಂಪನಿಯ ನಮ್ಮ ತಂಡದಲ್ಲಿ ಎಲ್ಲರಿಗಿಂತ ದೊಡ್ಡವರು, ಸಂಬಳದಲ್ಲಿ ನಮಗಿಂತ ಹೆಚ್ಚು ಮೇಲಿರಲಿಲ್ಲ. ಕೋಡು ಬರೆಯುವ ಕೆಲಸ ಅವರಿಗೆ ಕೊಟ್ಟಿರಲಿಲ್ಲ. ನಾವು ಬರೆದದ್ದನ್ನು ಕಟ್ಟುವ ಕೆಲಸ ಕೊಟ್ಟಿದ್ದರು.

ಈ ಕಟ್ಟುವುದು ಏನೆಂದು ಒಂದು ಮಾತು ಹೇಳಬೇಕು. ಪ್ರೋಗ್ರಾಂ ಬರೆದ ಮಾತ್ರಕ್ಕೆ ಸಾಫ್ಟ್‌ವೇರ್ ಆಗುವುದಿಲ್ಲ. ನೂರಾರು ಫೈಲುಗಳನ್ನು ಕಂಪೈಲ್ ಮಾಡಿ, ಬೇಕಾದ ಲೈಬ್ರರಿಗಳನ್ನು ಜೋಡಿಸಿ, ಆವೃತ್ತಿಯ ಸಂಖ್ಯೆ ಒತ್ತಿ, ಒಂದು ಪೊಟ್ಟಣ ಮಾಡಿ ಗಿರಾಕಿಗೆ ಕಳಿಸಬೇಕು. ಇದನ್ನೆಲ್ಲ ಕೈಯಲ್ಲಿ ಮಾಡಿದರೆ ದಿನಕ್ಕೊಂದು ತಪ್ಪು. ಅದಕ್ಕೇ ಬಿಲ್ಡ್ ಟೂಲ್. ಜಾವಾ ಜಗತ್ತಿನಲ್ಲಿ ಆಗ ಆ್ಯಂಟ್‌ನದೇ ರಾಜ್ಯಭಾರ. ಸನ್ ಕಂಪನಿಯಲ್ಲಿದ್ದ ಜೇಮ್ಸ್ ಡಂಕನ್ ಡೇವಿಡ್‌ಸನ್ ಟಾಮ್‌ಕ್ಯಾಟ್ ಎಂಬ ಸರ್ವರನ್ನು ಕಟ್ಟಲು ಮಾಡಿಕೊಂಡಿದ್ದ ಉಪಕರಣ ಅದು. 2000ದ ಜುಲೈನಲ್ಲಿ ಸ್ವತಂತ್ರವಾಗಿ ಹೊರಬಂತು. ಬಿಲ್ಡ್ ಡಾಟ್ ಎಕ್ಸ್‌ಎಂಎಲ್ ಎಂಬ ಒಂದು ಫೈಲಿನಲ್ಲಿ ಏನೇನು ಮಾಡಬೇಕೆಂದು ಬರೆದಿಟ್ಟರೆ ಅದು ಸಾಲಾಗಿ ಮಾಡಿಕೊಂಡು ಹೋಗುತ್ತದೆ.

ಸಣ್ಣ ಪ್ರಾಜೆಕ್ಟಿಗೆ ಒಂದು ಫೈಲು ಸಾಕು. ನಮ್ಮದು ದೊಡ್ಡದು. ಮೇಲೊಂದು ಫೈಲು, ಅದರ ಕೆಳಗೆ ನಾಲ್ಕೈದು ಗುಂಪು, ಪ್ರತಿ ಗುಂಪಿನೊಳಗೆ ಹತ್ತಾರು ಮಾಡ್ಯೂಲ್, ಪ್ರತಿಯೊಂದಕ್ಕೂ ತನ್ನದೇ ಬಿಲ್ಡ್ ಫೈಲು. ಮೇಲಿನದು ಒಳಗಿನದನ್ನು ಕರೆಯುತ್ತದೆ, ಅದು ತನ್ನೊಳಗಿನದನ್ನು ಕರೆಯುತ್ತದೆ. ಎಲ್ಲರಿಗೂ ಬೇಕಾದ ಸಂಗತಿಗಳನ್ನು ಮೇಲಿನ ಫೈಲಿನಲ್ಲಿ ಪ್ರಾಪರ್ಟಿಗಳಾಗಿ ಬರೆದಿರುತ್ತಾರೆ: ಆವೃತ್ತಿ ಇಷ್ಟು, ಯಾವ ಜಾವಾಕ್ಕೆ ತಕ್ಕಂತೆ ಕಂಪೈಲ್ ಆಗಬೇಕು, ತಯಾರಾದ ಫೈಲುಗಳು ಯಾವ ಫೋಲ್ಡರಿಗೆ ಹೋಗಬೇಕು. ಮೇಲೆ ಬರೆದದ್ದು ಒಳಗಿನದಕ್ಕೆ ತಾನಾಗಿ ಸಿಗುತ್ತದೆ ಎಂದು ಎಲ್ಲರೂ ನಂಬಿರುತ್ತಾರೆ. ಸಿಗುತ್ತದೆಯೇ ಎಂದು ಕೇಳಿದರೆ, ಹೇಗೆ ಕರೆದಿರಿ ಎನ್ನುವುದರ ಮೇಲೆ ನಿಂತಿದೆ ಎಂಬುದೇ ಸರಿಯಾದ ಉತ್ತರ. ಮೇಷ್ಟ್ರ ನೋಟ್‌ಬುಕ್ಕು ತುಂಬಿದ್ದು ಈ ಒಂದು ವಾಕ್ಯದಿಂದ.

ಒಳಗಿನ ಪ್ರಾಜೆಕ್ಟನ್ನು ಕರೆಯಲು ಆ್ಯಂಟ್‌ನಲ್ಲಿ ಮೊದಲಿನಿಂದ ಇದ್ದ ಆದೇಶದ ಹೆಸರೂ ‘ಆ್ಯಂಟ್’ ಅಂತಲೇ. ಅದಕ್ಕೆ ‘ಇನ್‌ಹೆರಿಟ್‌ಆಲ್’ ಎಂಬ ಒಂದು ಆಯ್ಕೆ ಇದೆ. ನೀವು ಅದರ ಬಗ್ಗೆ ಏನೂ ಬರೆಯದಿದ್ದರೆ ‘ಹೌದು’ ಎಂದೇ ಅರ್ಥ: ಮೇಲಿನ ಪ್ರಾಪರ್ಟಿಗಳೆಲ್ಲ ಒಳಗೆ ಇಳಿಯುತ್ತವೆ. ಇಳಿಯುವುದಷ್ಟೇ ಅಲ್ಲ, ಒಳಗಿನ ಫೈಲು ತನ್ನದೇ ಬೆಲೆ ಬರೆದುಕೊಂಡಿದ್ದರೂ ಮೇಲಿನದೇ ಗೆಲ್ಲುತ್ತದೆ. ಯಾಕೆಂದರೆ ಆ್ಯಂಟ್‌ನಲ್ಲಿ ಒಂದು ಪ್ರಾಪರ್ಟಿಗೆ ಮೊದಲು ಯಾರು ಬೆಲೆ ಕೊಟ್ಟರೋ ಅದೇ ಕೊನೆ. ಆಮೇಲೆ ಬರೆದದ್ದನ್ನು ಅದು ಸುಮ್ಮನೆ ಬಿಟ್ಟುಬಿಡುತ್ತದೆ. ಬಿಟ್ಟೆ ಎಂದು ಹೇಳುವುದೂ ಇಲ್ಲ. ‘ಮೈನಸ್ ವಿ’ ಹಾಕಿ ಓಡಿಸಿದರೆ ಮಾತ್ರ ‘ಓವರ್‌ರೈಡ್ ಇಗ್ನೋರ್ಡ್’ ಎಂಬ ಸಾಲು ಸಾವಿರಾರು ಸಾಲುಗಳ ನಡುವೆ ಓಡಿಹೋಗುತ್ತದೆ.

2003ರ ಡಿಸೆಂಬರಿನಲ್ಲಿ ಆ್ಯಂಟ್ 1.6 ಬಂತು. ಅದರ ಜೊತೆಗೆ ‘ಸಬ್‌ಆ್ಯಂಟ್’ ಎಂಬ ಹೊಸ ಆದೇಶ. ಹತ್ತು ಮಾಡ್ಯೂಲ್‌ಗಳಿಗೆ ಹತ್ತು ಕರೆ ಬರೆಯುವ ಬದಲು ಒಂದೇ ಕರೆಯಲ್ಲಿ ಎಲ್ಲವನ್ನೂ ಕಟ್ಟಿಸುವ ಅನುಕೂಲ. ಇದಕ್ಕೂ ಅದೇ ಹೆಸರಿನ ಇನ್‌ಹೆರಿಟ್‌ಆಲ್ ಆಯ್ಕೆ ಇದೆ. ಆದರೆ ಇಲ್ಲಿ ಏನೂ ಬರೆಯದಿದ್ದರೆ ‘ಇಲ್ಲ’ ಎಂದರ್ಥ. ಮೇಲಿನದು ಒಂದೂ ಒಳಗೆ ಬರುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಕಮಾಂಡ್ ಕೊಡುವಾಗ ‘ಮೈನಸ್ ಡಿ’ ಹಾಕಿ ಕೊಟ್ಟ ಪ್ರಾಪರ್ಟಿಗಳು ಈ ಎರಡು ದಾರಿಯಲ್ಲೂ, ಆಯ್ಕೆ ಏನೇ ಇದ್ದರೂ, ತಳದವರೆಗೆ ಇಳಿಯುತ್ತವೆ. ಇನ್ನು ಲೈಬ್ರರಿಗಳ ಪಟ್ಟಿಯಂಥವಕ್ಕೆ ಆ್ಯಂಟ್‌ನಲ್ಲಿ ರೆಫರೆನ್ಸ್ ಎನ್ನುತ್ತಾರೆ. ಅವು ಎರಡು ದಾರಿಯಲ್ಲೂ ತಾವಾಗಿ ಇಳಿಯುವುದಿಲ್ಲ. ಇಳಿಸು ಎಂದು ಬರೆದರೆ ಇಳಿಯುತ್ತವೆ, ಆದರೆ ಆಗ ಒಳಗಿನ ಫೈಲಿನದೇ ಗೆಲ್ಲುತ್ತದೆ, ಮೇಲಿನದಲ್ಲ. ಪ್ರಾಪರ್ಟಿಯ ವಿಷಯದಲ್ಲಿ ಮೇಲಿನವರ ಮಾತು, ರೆಫರೆನ್ಸ್ ವಿಷಯದಲ್ಲಿ ಒಳಗಿನವರ ಮಾತು. ಕೈಪಿಡಿಯಲ್ಲಿ ಇದೆಲ್ಲ ಇದೆ. ಒಂದೊಂದು ಪುಟದಲ್ಲಿ ಒಂದೊಂದು ಇದೆ. ಎಲ್ಲವನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡವರು ನಮ್ಮಲ್ಲಿ ಒಬ್ಬರೇ.

ಆ ನೋಟ್‌ಬುಕ್ಕು ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ರಟ್ಟಿನದು. ಮೇಷ್ಟ್ರು ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ನಾಲ್ಕು ಕಾಲಂ ಎಳೆದಿದ್ದರು: ಪ್ರಾಪರ್ಟಿಯ ಹೆಸರು, ಮೇಲೆ ಬರೆದದ್ದು, ಒಳಗೆ ಬರೆದದ್ದು, ನಿಜಕ್ಕೂ ಸಿಕ್ಕಿದ್ದು. ಮೊದಲ ಮೂರು ನೀಲಿ ಶಾಯಿ, ನಾಲ್ಕನೆಯದು ಕೆಂಪು. ಮೂರನೆಯ ಕಾಲಮ್ಮಿಗೂ ನಾಲ್ಕನೆಯದಕ್ಕೂ ತಾಳೆಯಾಗದ ಕಡೆ ಅಂಚಿನಲ್ಲಿ ಒಂದು ಸಣ್ಣ ಚುಕ್ಕಿ. ಒಂದು ಪುಟ ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ತಯಾರಾದ ಫೈಲು ಹೋಗಬೇಕಾದ ಫೋಲ್ಡರಿಗೆ ಪ್ರತಿ ಮಾಡ್ಯೂಲೂ ‘ಡಿಸ್ಟ್’ ಎಂಬ ತನ್ನದೇ ಜಾಗ ಬರೆದುಕೊಂಡಿತ್ತು. ಮೇಲಿನ ಫೈಲಿನಲ್ಲೂ ಅದೇ ಹೆಸರಿನ ಪ್ರಾಪರ್ಟಿ ಇತ್ತು. ಮಾಡ್ಯೂಲನ್ನು ಒಂಟಿಯಾಗಿ ಕಟ್ಟಿದರೆ ಫೈಲು ಅದರ ಮನೆಯಲ್ಲೇ ಬೀಳುತ್ತಿತ್ತು. ಮೇಲಿನಿಂದ ಕಟ್ಟಿದರೆ ಎಲ್ಲ ಮಾಡ್ಯೂಲ್‌ಗಳ ಫೈಲೂ ಮೇಲಿನ ಒಂದೇ ಫೋಲ್ಡರಿನಲ್ಲಿ ಗುಡ್ಡೆ ಬೀಳುತ್ತಿತ್ತು. ಆ ಪುಟದ ಅಂಚಿನ ತುಂಬ ಚುಕ್ಕಿ.

ರಾಮನಗರದ ಈಚೆ ಗಾಡಿ ನಿಂತಿದ್ದ ಒಂದು ಬೆಳಿಗ್ಗೆ ಅವರು ಆ ಪುಟ ತೆರೆದು ನನಗೆ ತೋರಿಸಿದ್ದರು. ನಾನು ಅರ್ಥವಾಗದೆ ಕೇಳಿದೆ, "ಸಾರ್, ಒಂದೇ ಹೆಸರಿನ ಆಯ್ಕೆ, ಎರಡು ಕಡೆ ಎರಡು ಥರ ಹೇಗಾಗುತ್ತೆ?"

"ನಮ್ಮೂರು ನಾಲೆ ಕೊನೇ ಭಾಗ ಕಣವ್ವ" ಅಂದರು. "ವಿ.ಸಿ. ನಾಲೆಗೆ ನೀರು ಬಿಟ್ಟವ್ರೆ ಅಂತ ಪೇಪರ್ನಲ್ಲಿ ಬತ್ತದೆ. ನಮ್ ಗದ್ದೆಗೆ ಬತ್ತದಾ ಇಲ್ವಾ ಅನ್ನೋದನ್ನ ನಡುವಿನ ತೂಬು ಹೇಳ್ಬೇಕು. ಇದ್ರಲ್ಲಿ ಎರಡು ತೂಬು ಅವೆ. ಒಂದು, ಯಾರೂ ಮುಟ್ದೆ ಇದ್ರೆ ತೆರ್ದೇ ಇರ್ತದೆ. ಇನ್ನೊಂದು, ಯಾರೂ ಮುಟ್ದೆ ಇದ್ರೆ ಮುಚ್ಚೇ ಇರ್ತದೆ. ನೋಡಕ್ಕೆ ಎರಡೂ ಒಂದೇ ಥರ. ನೀರು ಬಿಡೋ ಸೌಡಿ ಒಬ್ಬ ಹೇಳ್ಬೇಕು, ಇಲ್ಲ ತೂಬಿನ ಮೇಲೆ ಬರ್ದಿರ್ಬೇಕು. ಬರ್ದಿಲ್ಲ ಅಂದ್ಮೇಲೆ ಗದ್ದೆಯೋನಿಗೆ ಎಂಗವ್ವ ಗೊತ್ತಾಯ್ತದೆ?"

ಕೃಷ್ಣರಾಜಸಾಗರದ ನೀರು ಈ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಮಂಡ್ಯಕ್ಕೆ ಸಮೃದ್ಧವಾಗಿ ಹರಿದು, ಮದ್ದೂರು ಮಳವಳ್ಳಿಗಳ ಕೊನೆಯ ಭಾಗಕ್ಕೆ ಬರುವಾಗ ಸೊರಗುವುದು ನಮ್ಮ ಕಡೆಯವರಿಗೆ ಹೊಸ ಸುದ್ದಿಯಲ್ಲ. ಕಾಲೇಜಿನ ಯಾವ ಪುಸ್ತಕವೂ ನನಗೆ ಅಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ನಾನು ಯಾವ ಬಿಲ್ಡ್ ಫೈಲು ತೆರೆದರೂ ಮೊದಲು ನೋಡುವುದು ಕರೆಯುವ ಸಾಲನ್ನು.

ಮೇಷ್ಟ್ರು ಕಂಪನಿಯಲ್ಲಿ ಇದನ್ನು ಹೇಳಿರಲಿಲ್ಲವೇ ಅಂದರೆ, ಹೇಳಿದ್ದರು. ನಮ್ಮ ಹೊಸ ಗುಂಪುಗಳು ಸಬ್‌ಆ್ಯಂಟ್ ಬಳಸುತ್ತಿದ್ದವು, ಹಳೆಯವು ಆ್ಯಂಟ್. ಒಂದು ಸಲ ಹೊಸ ಗುಂಪಿನ ಮಾಡ್ಯೂಲ್‌ಗಳಿಗೆ ಆವೃತ್ತಿಯ ಸಂಖ್ಯೆ ಮೇಲಿಂದ ಇಳಿಯದೆ ತಪ್ಪು ಸಂಖ್ಯೆ ಬಿದ್ದಿತ್ತು. ಆಗ ಅವರು ಒಂದು ಸಲಹೆ ಕೊಟ್ಟರು: ಪ್ರತಿ ಕರೆಯಲ್ಲೂ ಇನ್‌ಹೆರಿಟ್‌ಆಲ್ ಹೌದೋ ಅಲ್ಲವೋ ಎಂದು ಬಾಯಿಬಿಟ್ಟು ಬರೆಯೋಣ, ಇಳಿಯಬೇಕಾದ ಪ್ರಾಪರ್ಟಿಗಳನ್ನು ಹೆಸರು ಹಿಡಿದು ಕೊಡೋಣ. ಮೀಟಿಂಗಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಮೇಷ್ಟ್ರ ಇಂಗ್ಲಿಷು ನಿಧಾನ. ಒಂದು ವಾಕ್ಯ ಶುರು ಮಾಡಿ, ಸರಿಯಾದ ಪದಕ್ಕೆ ತಡಕಾಡುತ್ತಿದ್ದಾಗ ಮ್ಯಾನೇಜರು, ಓಡುತ್ತಿರುವುದನ್ನು ಮುಟ್ಟಬೇಡಿ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದರು. ನಾನು ಅಲ್ಲಿದ್ದೆ. ಕೆಲವೇ ತಿಂಗಳ ನಂತರ ಬೇರೆ ಒಬ್ಬರು ಇದೇ ಮಾತನ್ನು ಸರಾಗವಾದ ಇಂಗ್ಲಿಷಿನಲ್ಲಿ ಚಿತ್ರಗಳ ಸಮೇತ ಹೇಳಿದಾಗ ಅದು ಒಪ್ಪಿಗೆಯಾಯಿತು. ನಮ್ಮ ಜಿಲ್ಲೆಯಿಂದ ಹೋದ ಎಷ್ಟೋ ಮಂದಿಗೆ ಹೀಗಾಗಿದೆ. ಗೊತ್ತಿರುವುದು ಒಂದು, ಅದನ್ನು ಆ ಕೋಣೆಗೆ ಒಪ್ಪುವಂತೆ ಹೇಳಲು ಬರುವುದು ಇನ್ನೊಂದು. ಸಂಬಳ ಸಿಗುತ್ತಿದ್ದದ್ದು ಎರಡನೆಯದಕ್ಕೆ.

ಆ ನಡುವೆ ನಡೆದದ್ದೇ ಇಲ್ಲಿ ಮುಖ್ಯ.

ತಂಡಕ್ಕೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗ, ಚುರುಕಿನವನು, ಹಳೆಯ ಗುಂಪಿನ ಬಿಲ್ಡ್ ಫೈಲು ನೋಡಿದ. ಒಂದರ ಕೆಳಗೊಂದು ಅದೇ ಥರದ ಕರೆಗಳು. ಇಷ್ಟೊಂದು ಯಾಕೆ ಎಂದು ಎಲ್ಲವನ್ನೂ ತೆಗೆದು ಒಂದು ಸಬ್‌ಆ್ಯಂಟ್ ಹಾಕಿದ. ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಕೈಪಿಡಿ ಆ ಆದೇಶವನ್ನು ಕೊಟ್ಟಿದ್ದೇ ಅದಕ್ಕೆ. ರಾತ್ರಿ, ತಾನಾಗಿ ಬಿಲ್ಡ್ ಓಡಿಸುವ ಕ್ರೂಸ್‌ಕಂಟ್ರೋಲ್ ಸರ್ವರಿನಲ್ಲಿ ಬಿಲ್ಡ್ ಓಡಿತು, ಹಸಿರು ಬಂತು. ಪರೀಕ್ಷೆ ಮಾಡುವ ತಂಡ ಆ ಫೈಲುಗಳನ್ನೇ ತೆಗೆದುಕೊಂಡು ಪರೀಕ್ಷಿಸಿತು. ಎಲ್ಲ ಸರಿ. ಗಿರಾಕಿಗೆ ಕಳಿಸುವ ಪೊಟ್ಟಣವನ್ನು ಮಾತ್ರ ಆಗಿನ ಪದ್ಧತಿಯಂತೆ ಬೇರೆ ಮಷಿನ್‌ನಲ್ಲಿ ಕೈಯಾರೆ ಕಟ್ಟಿದರು.

ಗಿರಾಕಿಯ ಸರ್ವರಿನಲ್ಲಿದ್ದದ್ದು ಜಾವಾ 1.4. ನಾವು ಕಟ್ಟುತ್ತಿದ್ದ ಮಷಿನ್‌ಗಳಲ್ಲಿ ಆಗಲೇ ಜಾವಾ 5 ಬಂದಿತ್ತು. ಅದಕ್ಕಾಗಿ ಮೇಲಿನ ಫೈಲಿನಲ್ಲಿ 1.4ಕ್ಕೆ ತಕ್ಕಂತೆ ಕಂಪೈಲ್ ಮಾಡು ಎಂಬ ಪ್ರಾಪರ್ಟಿ ಇತ್ತು. ಹಳೆಯ ಗುಂಪಿನ ಒಂದು ಮಾಡ್ಯೂಲಿನವರು ಯಾವಾಗಲೋ ಪ್ರಯೋಗಕ್ಕೆಂದು ತಮ್ಮ ಫೈಲಿನಲ್ಲಿ 1.5 ಎಂದು ಬರೆದು ಹಾಗೇ ಬಿಟ್ಟಿದ್ದರು. ಮೇಲಿನದು ಗೆಲ್ಲುತ್ತಿದ್ದಷ್ಟು ದಿನ ಆ ಸಾಲು ಯಾರಿಗೂ ತಾಕದೆ ಬಿದ್ದಿತ್ತು. ಸಬ್‌ಆ್ಯಂಟ್ ಬಂದೊಡನೆ ಮೇಲಿನದು ಇಳಿಯುವುದು ನಿಂತು, ಆ ಸಾಲಿಗೆ ಜೀವ ಬಂತು. ಗಿರಾಕಿಯ ಸರ್ವರು ಏಳಲೇ ಇಲ್ಲ. ‘ಅನ್‌ಸಪೋರ್ಟೆಡ್ ಮೇಜರ್ ಡಾಟ್ ಮೈನರ್ ವರ್ಷನ್ 49.0’ ಎಂಬ ದೋಷ. ಜಾವಾ 1.4 ಓದಬಲ್ಲದ್ದು 48ರ ತನಕ. 49 ಅಂದರೆ ಜಾವಾ 5ರ ಫೈಲು.

ಹಾಗಾದರೆ ರಾತ್ರಿಯ ಬಿಲ್ಡಿನ ಫೈಲುಗಳಲ್ಲಿ ಈ ದೋಷ ಯಾಕೆ ಇರಲಿಲ್ಲ? ಎರಡು ದಿನ ಎಲ್ಲರೂ ತಲೆ ಕೆರೆದುಕೊಂಡರು. ಕೊನೆಗೆ ಸರ್ವರಿನ ಸ್ಕ್ರಿಪ್ಟು ತೆರೆದಾಗ ಸಿಕ್ಕಿತು. ಅದರ ಕಮಾಂಡ್ ಸಾಲಿನಲ್ಲಿ ಮೇಲಿನ ಫೈಲಿನ ಪ್ರಾಪರ್ಟಿಗಳನ್ನೆಲ್ಲ ಒಂದೊಂದಾಗಿ ‘ಮೈನಸ್ ಡಿ’ ಹಾಕಿ ಕೊಟ್ಟಿತ್ತು. ತೂಬು ಯಾವುದೇ ಇರಲಿ, ಅವು ತಳ ಮುಟ್ಟುತ್ತಿದ್ದವು. ಅದನ್ನು ಹಾಕಿದ್ದವರು ಮೇಷ್ಟ್ರು. ಸಲಹೆ ಬಿದ್ದುಹೋದ ಮೇಲೆ, ಯಾರಿಗೂ ಹೇಳದೆ, ತಮ್ಮ ಕೈಯಲ್ಲಿದ್ದ ಒಂದೇ ಜಾಗದಲ್ಲಿ ಸರಿಮಾಡಿಕೊಂಡಿದ್ದರು.

ಹುಡುಗನ ಮೇಲೆ ಎಲ್ಲ ಬಂತು. ಮೀಟಿಂಗಿನಲ್ಲಿ ಅವನು ತಲೆ ತಗ್ಗಿಸಿ ಕೂತಿದ್ದ. ನಮ್ಮಲ್ಲಿ ಯಾರೂ ಅವನ ಪರವಾಗಿ ಗಟ್ಟಿಯಾಗಿ ಮಾತಾಡಲಿಲ್ಲ. ಮೇಷ್ಟ್ರು ಸ್ಕ್ರಿಪ್ಟಿನ ಸಾಲು ತಾವು ಹಾಕಿದ್ದೆಂದು ಒಪ್ಪಿಕೊಂಡರು. ಮೀಟಿಂಗಿನಲ್ಲಿದ್ದವರು ಅದನ್ನು ದೂರದೃಷ್ಟಿ ಎಂದು ಹೊಗಳಿದರು! ಹುಡುಗ ಕೆಲವು ತಿಂಗಳಲ್ಲಿ ಕೆಲಸ ಬಿಟ್ಟ. ಮೇಷ್ಟ್ರಿಗೆ ಗೌರವ ಹೆಚ್ಚಿತು. ಅಂದಿನಿಂದ ಬಿಲ್ಡ್ ಕೆಟ್ಟರೆ ಜನ ಫೈಲು ತೆರೆಯುವುದನ್ನೇ ಬಿಟ್ಟು ಸೀದಾ ಕೆಂಪು ರಟ್ಟಿನ ನೋಟ್‌ಬುಕ್ಕಿನ ಹತ್ತಿರ ಹೋಗತೊಡಗಿದರು. ನನಗೂ ಆಗ ಅದು ಹೆಮ್ಮೆಯೇ. ನಮ್ಮ ಕಡೆಯ ಒಬ್ಬ ಮನುಷ್ಯನಿಲ್ಲದೆ ಇಷ್ಟು ದೊಡ್ಡ ಕಂಪನಿಯ ಪೊಟ್ಟಣ ಕಟ್ಟಲಾಗುವುದಿಲ್ಲ ಎಂಬುದು ರೈಲಿನಲ್ಲಿ ಹೇಳಿಕೊಳ್ಳುವ ಮಾತಾಗಿತ್ತು.

ಇಂದು ನಾನೇ ಹತ್ತಾರು ತಂಡಗಳ ಬಿಲ್ಡ್ ನೋಡಿಕೊಳ್ಳುವವಳಾಗಿ ಆ ದಿನಗಳನ್ನು ತಿರುಗಿ ನೋಡಿದರೆ ಆ ಹೆಮ್ಮೆ ನಿಲ್ಲುವುದಿಲ್ಲ. ಪರೀಕ್ಷೆಯಾದ ಫೈಲು ಬೇರೆ, ಗಿರಾಕಿಗೆ ಹೋದ ಫೈಲು ಬೇರೆ ಎಂಬ ಪದ್ಧತಿಯೇ ತಪ್ಪು, ಅದು ಕಂಪನಿಯದು. ಸಲಹೆಯನ್ನು ಕೇಳಿಸಿಕೊಳ್ಳದ್ದೂ ಕಂಪನಿಯದು. ಆದರೆ ಸರ್ವರಿನಲ್ಲಿ ಸದ್ದಿಲ್ಲದೆ ಹಾಕಿದ ಆ ‘ಮೈನಸ್ ಡಿ’ ರೋಗವನ್ನು ವಾಸಿ ಮಾಡಲಿಲ್ಲ, ಮುಚ್ಚಿತು. ಅದಿಲ್ಲದಿದ್ದರೆ ಹುಡುಗನ ಬದಲಾವಣೆಯ ತಪ್ಪು ಪೊಟ್ಟಣ ಹೊರಡುವ ಮೊದಲೇ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಅವಕಾಶವಿತ್ತು. ಒಬ್ಬರ ನೋಟ್‌ಬುಕ್ಕಿನಲ್ಲಿರುವುದು ಫೈಲಿನಲ್ಲಿಲ್ಲದಿದ್ದರೆ ಅದು ತಂಡಕ್ಕೆ ಗೊತ್ತಿರುವ ಸಂಗತಿಯಲ್ಲ. ಇದನ್ನು ನಾನು ಮೇಷ್ಟ್ರ ಮೇಲಿನ ಪ್ರೀತಿಯನ್ನು ಒಂದಿಷ್ಟೂ ಕಡಿಮೆ ಮಾಡಿಕೊಳ್ಳದೆ ಹೇಳುತ್ತಿದ್ದೇನೆ.

ಆ್ಯಂಟ್ ಮಾಡಿದವರನ್ನೂ ನಾನು ಆಗ ಬೈದುಕೊಳ್ಳುತ್ತಿದ್ದೆ. ಈಗ ಅವರ ಕಷ್ಟ ಕಾಣುತ್ತದೆ. ಎಲ್ಲವೂ ತಾನಾಗಿ ಇಳಿಯುವುದು ಒಳಗಿನ ಪ್ರಾಜೆಕ್ಟುಗಳನ್ನು ಕೆಡಿಸುತ್ತದೆ ಎಂದು ಅನುಭವದಿಂದ ಗೊತ್ತಾದ ಮೇಲೆ ಬಂದ ಆದೇಶಕ್ಕೆ ‘ಇಲ್ಲ’ ಎಂದು ಇಡುವುದು ವಿವೇಕದ ಮಾತು. ಹಳೆಯ ಆದೇಶವನ್ನೂ ಹಾಗೇ ಬದಲಾಯಿಸಿದ್ದರೆ ಜಗತ್ತಿನ ಎಷ್ಟೋ ಕಂಪನಿಗಳ ಬಿಲ್ಡ್ ರಾತ್ರೋರಾತ್ರಿ ಮುರಿಯುತ್ತಿತ್ತು. ಎರಡೂ ತೀರ್ಮಾನ ಬಿಡಿಬಿಡಿಯಾಗಿ ಸರಿ. ಅಕ್ಕಪಕ್ಕ ಇಟ್ಟಾಗ ನಮ್ಮ ಹುಡುಗನಂಥವರು ಬೀಳುವ ಹಳ್ಳ. ಆಯ್ಕೆಯ ಹೆಸರನ್ನಾದರೂ ಬೇರೆ ಇಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

2005ರ ಅಕ್ಟೋಬರಿನಲ್ಲಿ ಮೇವನ್ 2 ಎಂಬ ಇನ್ನೊಂದು ಬಿಲ್ಡ್ ಟೂಲ್ ಬಂತು. ಒಂದೆರಡು ವರ್ಷದಲ್ಲಿ ನಾವೂ ಅದಕ್ಕೆ ಹೋದೆವು. ಇನ್ನು ಈ ತಲೆನೋವಿಲ್ಲ ಎಂದುಕೊಂಡೆವು. ಅಲ್ಲಿ ನಿಯಮ ತಿರುವುಮುರುವು: ಒಳಗಿನ ಪ್ರಾಜೆಕ್ಟು ತನ್ನ ಬೆಲೆ ಬರೆದುಕೊಂಡಿದ್ದರೆ ಅದೇ ಗೆಲ್ಲುತ್ತದೆ. ಮೇಲಿನ ಫೈಲು ಒಳಗಿನದನ್ನು ಮಾಡ್ಯೂಲ್ ಪಟ್ಟಿಯಲ್ಲಿ ಸೇರಿಸಿದ ಮಾತ್ರಕ್ಕೆ ಏನೂ ಇಳಿಯುವುದಿಲ್ಲ. ಇವರು ನನ್ನ ಪೇರೆಂಟ್ ಎಂದು ಒಳಗಿನ ಫೈಲೇ ಹೇಳಬೇಕು. ಹಾಗೆ ಹೇಳಿದ ಮೇಲೂ ಗುಂಪಿನ ಹೆಸರು, ಆವೃತ್ತಿ ಇಳಿಯುತ್ತವೆ, ಸ್ವಂತ ಹೆಸರು ಇಳಿಯುವುದಿಲ್ಲ. ಮೇಲಿನ ಫೈಲಿನಲ್ಲಿ ‘ಬೇಸ್‌ಡಿರ್’ ಎಂದು ಬರೆದದ್ದು ಒಳಗೆ ಇಳಿದ ಮೇಲೆ ಮೇಲಿನ ಫೋಲ್ಡರನ್ನಲ್ಲ, ಒಳಗಿನ ಫೋಲ್ಡರನ್ನು ಸೂಚಿಸುತ್ತದೆ. ಇದಕ್ಕೆ ಎಡವದ ಮೇವನ್ ಬಳಕೆದಾರರನ್ನು ನಾನು ಕಂಡಿಲ್ಲ. ಆಮೇಲೆ ಬಂದ ಗ್ರೇಡಲ್‌ನಲ್ಲೂ ಇದೇ ಕಥೆ. ಒಳಗಿನ ಉಪಪ್ರಾಜೆಕ್ಟಿಗೆ ಮೇಲಿನವರ ಪ್ರಾಪರ್ಟಿ ಸಿಗುತ್ತದೆ. ಅದೇ ಕೋಡನ್ನು ಇನ್‌ಕ್ಲೂಡೆಡ್ ಬಿಲ್ಡ್ ಎಂದು ಸೇರಿಸಿಕೊಂಡರೆ ಹೊರಗಿನ ಗ್ರೇಡಲ್ ಡಾಟ್ ಪ್ರಾಪರ್ಟೀಸ್ ಫೈಲು ಅದಕ್ಕೆ ಲೆಕ್ಕಕ್ಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾಲ ನಿಜಕ್ಕೂ ಸುಧಾರಿಸಿದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ ನಾಲ್ಕನೆಯ ಕಾಲಂ ಈಗ ಟೂಲೇ ಬರೆದುಕೊಡುತ್ತದೆ. ಮೇವನ್‌ನಲ್ಲಿ ಎಫೆಕ್ಟಿವ್ ಪಾಮ್ ಕೇಳಿದರೆ ಎಲ್ಲ ಇಳಿದ ಮೇಲೆ ಕೊನೆಗೆ ಉಳಿದದ್ದೇನು ಎಂದು ಪೂರ್ತಿ ತೋರಿಸುತ್ತದೆ. ಗ್ರೇಡಲ್‌ನಲ್ಲಿ ಪ್ರಾಪರ್ಟೀಸ್ ಎಂಬ ಟಾಸ್ಕ್ ಇದೆ. ಆ್ಯಂಟ್‌ನಲ್ಲೂ ಎಕೋಪ್ರಾಪರ್ಟೀಸ್ ಎಂಬ ಆದೇಶ ಇದೆ. ನಮ್ಮಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ, ನೋಟ್‌ಬುಕ್ಕಿತ್ತಲ್ಲ.

ಅಣ್ಣನ ಮಗನಿಗೆ ಅದನ್ನೇ ಹೇಳಿದೆ. ಲ್ಯಾಪ್‌ಟಾಪ್‌ನಲ್ಲೂ ಸರ್ವರ್‌ನಲ್ಲೂ ಒಳಗಿನ ಮಾಡ್ಯೂಲಿನಲ್ಲಿ ಎಕೋಪ್ರಾಪರ್ಟೀಸ್ ಓಡಿಸಿ ಎರಡು ಪಟ್ಟಿ ತಾಳೆ ನೋಡು ಎಂದೆ. ಸಂಜೆ ಫೋನು ಮಾಡಿದ. ಸರ್ವರಿನ ಸ್ಕ್ರಿಪ್ಟಿನಲ್ಲಿ ಯಾರೋ ಪುಣ್ಯಾತ್ಮರು ಎಂದೋ ಹಾಕಿದ್ದ ‘ಮೈನಸ್ ಡಿ’ಗಳು, ಸಾಲುಸಾಲು.

ಅದಾದ ಮೇಲೆ ಮನಸ್ಸು ತಡೆಯದೆ ಮೇಷ್ಟ್ರಿಗೆ ಫೋನು ಮಾಡಿದೆ. ತಾಯಿಗೆ ಹುಷಾರಿಲ್ಲವೆಂದು ಕೆಲಸ ಬಿಟ್ಟು ಊರಿಗೆ ಹೋದವರು ಅಲ್ಲೇ ನಿಂತರು. ಈಗ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆ ಹುಳು ಸಾಕುತ್ತಾರೆ. ನೋಟ್‌ಬುಕ್ಕು ಅವರ ಬಳಿ ಇಲ್ಲ. ಆಫೀಸಿನ ಡ್ರಾಯರಿನಲ್ಲೇ ಬಿಟ್ಟಿದ್ದರಂತೆ, ಕಟ್ಟಡ ಬದಲಾದಾಗ ಏನಾಯಿತೋ. ಅಷ್ಟು ವರ್ಷ ಕೇಳಬೇಕೆಂದುಕೊಂಡಿದ್ದನ್ನು ಅವತ್ತು ಕೇಳಿಯೇಬಿಟ್ಟೆ: "ಸಾರ್, ಸ್ಕ್ರಿಪ್ಟಲ್ಲಿ ಹಾಕಿದ್ದನ್ನ ಯಾಕೆ ಯಾರಿಗೂ ಹೇಳಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕೇಳಿದ್ರೆ ತೆಗೀರಿ ಅಂತಿದ್ರು ಕಣವ್ವ. ತೆಗುದ್ರೆ ಒಡ್ದೋಯ್ತಿತ್ತು. ಒಡ್ದೋದ್ರೆ ನನ್ನೇ ಕೇಳೋರು." ಆಮೇಲೆ ಅವರೇ ಆ ಹುಡುಗನ ವಿಷಯ ಎತ್ತಿದರು. "ಆ ಮಗ ಎಲ್ಲವ್ನೆ ಈಗ? ಅವ್ನಿಗೆ ಒಂದ್ ಮಾತು ಹೇಳ್ಬೇಕಿತ್ತು." ಅವನೀಗ ವಿದೇಶದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ. ಅವರಿಗೆ ಸಮಾಧಾನವಾಯಿತು. ಅವರ ಕಾರಣ ನನಗೆ ಅರ್ಥವಾಗುತ್ತದೆ. ಕಾಯಂ ಆಗದ ಕೆಲಸದಿಂದ ಬಂದವರು, ಮೀಟಿಂಗಿನಲ್ಲಿ ಮಾತು ಅರ್ಧಕ್ಕೇ ತುಂಡಾದವರು, ಇನ್ನೇನು ಮಾಡಿಯಾರು? ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಅದು ಸರಿಯಾಗಿತ್ತು ಎಂದು ನಾನು ಒಪ್ಪುವುದಿಲ್ಲ. ಅವರಿಗೂ ಹಾಗೇ ಹೇಳಿದೆ. "ದಿಟ ಕಣವ್ವ" ಅಂದರು.

ಇದನ್ನು ಓದುತ್ತಿರುವವರಲ್ಲಿ ಹಳೆಯ ಬಿಲ್ಡ್ ಒಂದನ್ನು ಕಾಯುತ್ತಿರುವ ಇಂಜಿನಿಯರುಗಳು ಇದ್ದೇ ಇರುತ್ತೀರಿ. ಬ್ಯಾಂಕು, ವಿಮೆ, ಸರ್ಕಾರಿ ಇಲಾಖೆಗಳಲ್ಲಿ ಆ್ಯಂಟ್ ಇನ್ನೂ ಓಡುತ್ತಿದೆ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಒಳಗಿನ ಪ್ರಾಜೆಕ್ಟನ್ನು ಕರೆಯುವ ಪ್ರತಿ ಸಾಲಿನಲ್ಲೂ ಇನ್‌ಹೆರಿಟ್‌ಆಲ್ ಏನೆಂದು ಬರೆದುಬಿಡಿ, ತಾನಾಗಿ ಇರುವುದೇ ಸರಿಯಿದ್ದರೂ ಬರೆಯಿರಿ. ಇಳಿಯಬೇಕಾದದ್ದನ್ನು ಹೆಸರು ಹಿಡಿದು ಇಳಿಸಿ. ಸರ್ವರಿನ ಸ್ಕ್ರಿಪ್ಟನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ‘ಮೈನಸ್ ಡಿ’ಗಳ ಸಾಲು ಕಂಡರೆ ಅವನ್ನು ಎಲ್ಲರೂ ನೋಡುವ ಬಿಲ್ಡ್ ಫೈಲಿಗೆ ತನ್ನಿ, ಯಾಕೆ ಬೇಕಾಯಿತೆಂದು ಎರಡು ಸಾಲು ಬರೆಯಿರಿ. ನಿಮ್ಮ ತಂಡದಲ್ಲಿ ನಿಧಾನವಾಗಿ ಇಂಗ್ಲಿಷ್ ಮಾತಾಡುವ ಹಿರಿಯರೊಬ್ಬರು ಇದರ ಬಗ್ಗೆ ಏನೋ ಹೇಳಲು ಹೊರಟಿದ್ದರೆ, ಅವರ ವಾಕ್ಯ ಮುಗಿಯುವ ತನಕ ಕಾಯಿರಿ; ಕನ್ನಡದಲ್ಲೇ ಹೇಳಿ ಎನ್ನಿ.